ಕುಂಬಾರ ಕಪ್ಪೆಯೂ ಶರಾವತಿಯ ಕಣಿವೆಯೂ

ಕಪ್ಪೆಯ ವಿಷಯದಲ್ಲಿ ನಮ್ಮ ಭಾಷೆ ಅಷ್ಟೇನೂ ಔದಾರ್ಯವನ್ನು ತೋರಿಲ್ಲ. ಲೋಕಜ್ಞಾನ ಸಾಲದವನನ್ನು ಬಾವಿಯ ಕಪ್ಪೆ ಎನ್ನುತ್ತೇವೆ. ಒಮ್ಮತಕ್ಕೆ ಬಾರದ ಜನರನ್ನು ಒಂದುಗೂಡಿಸುವ ಕೆಲಸವನ್ನು ಕಪ್ಪೆಗಳನ್ನು ತಕ್ಕಡಿಯಲ್ಲಿಟ್ಟು ತೂಗುವುದಕ್ಕೆ ಹೋಲಿಸುತ್ತೇವೆ. ಸಾರವಿಲ್ಲದ ಮಾತೆಲ್ಲ ನಮಗೆ ವಟಗುಟ್ಟುವಿಕೆ. ಋಗ್ವೇದದ ಏಳನೆಯ ಮಂಡಲದ ಋಷಿಯಾದರೋ ಕಪ್ಪೆಗಳಿಗೆಂದೇ ಒಂದು ಸೂಕ್ತವನ್ನು ಮೀಸಲಿಟ್ಟ. ಬಾದಾಮಿಯ ಬಂಡೆಯ ಮೇಲೆ ಕನ್ನಡದ ಅತಿ ಪ್ರಾಚೀನ ತ್ರಿಪದಿಗಳನ್ನು ಹೊತ್ತು ನಿಂತಿರುವ ಶಾಸನದ ವೀರ ಕಪ್ಪೆ ಅರಭಟ್ಟ. ಆ 'ಕಪ್ಪೆ' ಎಂಬ ಮಾತಿಗೆ ವಿದ್ವಾಂಸರು ಏನೇ ಅರ್ಥ ಹೇಳಲಿ, ಹೆಸರನ್ನು ಕೇಳಿದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮಳೆಗಾಲದ ಈ ಬಡ ಪ್ರಾಣಿಯೇ. ಮಳೆ ಬಾರದ ವರ್ಷ ಕಪ್ಪೆಗಳಿಗೆ ಮದುವೆ ಮಾಡಿಸುವ ಪದ್ಧತಿಯೂ ನಮ್ಮ ಹಳ್ಳಿಗಳಲ್ಲಿ ಉಂಟು. ಹಾಸ್ಯಕ್ಕೆ ಒಂದು ಕಾಲ, ಸಂಕಟಕ್ಕೆ ಒಂದು ಕಾಲ. ಉಳಿದ ದಿನಗಳಲ್ಲಿ ಕಪ್ಪೆ ನಮ್ಮ ಗಮನಕ್ಕೆ ಬಾರದು.

ಇಂಥ ಪ್ರಾಣಿಯನ್ನು ಕುರಿತು ಬರೆಯಲು ತೊಡಗಿದ್ದಕ್ಕೆ ಕಾರಣ ತರಗತಿಯಲ್ಲಿ ನಡೆದ ಒಂದು ಸಣ್ಣ ಪ್ರಸಂಗ. ಮಳೆಗಾಲದ ಒಂದು ಮಧ್ಯಾಹ್ನ ಬಿ.ಎ. ವಿದ್ಯಾರ್ಥಿಗಳಿಗೆ ಹರಿಹರನ 'ಕುಂಬಾರ ಗುಂಡಯ್ಯನ ರಗಳೆ'ಯ ಪಾಠ ನಡೆದಿತ್ತು. ಗುಂಡಯ್ಯ ತಾನು ಮಾಡಿದ ಗಡಿಗೆಯನ್ನೇ ವಾದ್ಯವಾಗಿಸಿಕೊಂಡು ಕುಣಿಯುತ್ತಾನೆ. ಅದನ್ನು ಕಂಡು ಶಿವನೂ ಕುಣಿಯುತ್ತಾನೆ. ಕಾಯಕವೇ ಪೂಜೆಯಾದ ಆ ಸನ್ನಿವೇಶವನ್ನು ವಿವರಿಸುತ್ತ, ಮಾತಿಗೆ ಮಾತು ಬಂದು, ನಮ್ಮ ಮಲೆನಾಡಿನ ತೊರೆಗಳಲ್ಲಿ ಕುಂಬಾರನೆಂದೇ ಹೆಸರು ಪಡೆದ ಕಪ್ಪೆಯೊಂದಿದೆ, ಅದೂ ಮಣ್ಣನ್ನು ಮೆತ್ತಿ ಬದುಕನ್ನು ಕಟ್ಟುತ್ತದೆ ಎಂದೆ. ತರಗತಿ ನಕ್ಕಿತು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಶರಾವತಿಯ ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿ ಬೇರೆ ಕಡೆ ಬಂದು ನೆಲೆಸಿದ ಮನೆತನದವನು ಅವನು. "ಕಪ್ಪೆಗೆ ಹೆಸರಾಯ್ತು, ಸಾರ್. ನಮ್ಮ ಅಜ್ಜನ ಜಾಗಕ್ಕೆ ಇನ್ನೂ ಹಕ್ಕುಪತ್ರ ಆಗಿಲ್ಲ" ಎಂದ. ಮಾತಿನಲ್ಲಿ ಕುಹಕವಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ ಧ್ವನಿಯಿತ್ತು. ನನಗೆ ಉತ್ತರ ಹೊಳೆಯಲಿಲ್ಲ. ಗಂಟೆ ಹೊಡೆಯಿತು. ಆ ಪ್ರಶ್ನೆಗೆ ತಡವಾಗಿ ಹುಡುಕುತ್ತಿರುವ ಉತ್ತರವೇ ಈ ಲೇಖನ.

ಮೊದಲು ಕಪ್ಪೆಯ ಪರಿಚಯ. ೨೦೧೪ರಲ್ಲಿ ಕೆ.ವಿ. ಗುರುರಾಜ, ಕೆ.ಪಿ. ದಿನೇಶ್, ಎಚ್. ಪ್ರೀತಿ ಮತ್ತು ಜಿ. ರವಿಕಾಂತ್ ಎಂಬ ವಿಜ್ಞಾನಿಗಳು ಇದನ್ನು ಹೊಸ ಪ್ರಭೇದವೆಂದು ಲೋಕಕ್ಕೆ ತಿಳಿಸಿ, 'ನಿಕ್ಟಿಬಟ್ರಾಕಸ್ ಕುಂಬಾರ' ಎಂದು ಹೆಸರಿಟ್ಟರು. ಮೊದಲ ಮಾತಿಗೆ ಇರುಳ ಕಪ್ಪೆ ಎಂದರ್ಥ. ಎರಡನೆಯದು ಅಚ್ಚಕನ್ನಡದ ನಮ್ಮ ಕುಂಬಾರನೇ. ಇರುಳ ಕಪ್ಪೆಗಳ ಈ ಕುಲ ಪಶ್ಚಿಮಘಟ್ಟವನ್ನು ಬಿಟ್ಟರೆ ಪ್ರಪಂಚದ ಮತ್ತಾವ ಭಾಗದಲ್ಲಿಯೂ ಇಲ್ಲ. ಇವುಗಳ ವಂಶವೃಕ್ಷದ ಬೇರು ಕೋಟ್ಯಂತರ ವರ್ಷಗಳ ಹಿಂದೆ, ಭರತಖಂಡ ಇನ್ನೂ ದ್ವೀಪದಂತೆ ಸಾಗರದಲ್ಲಿ ಉತ್ತರಾಭಿಮುಖವಾಗಿ ಸರಿಯುತ್ತಿದ್ದ ಕಾಲಕ್ಕೆ ಇಳಿಯುತ್ತದೆ ಎಂಬುದು ಶಾಸ್ತ್ರಜ್ಞರ ಅಭಿಪ್ರಾಯ. ಹಿಮಾಲಯಕ್ಕಿಂತ ಹಳೆಯದಾದ ಮನೆತನವೊಂದು ನಮ್ಮ ಹಿತ್ತಲ ಹಳ್ಳದಲ್ಲಿ ಸದ್ದಿಲ್ಲದೆ ಬಾಳುತ್ತಿದೆ ಎಂದಾಯಿತು.

ಇದರ ವಿಶೇಷವಿರುವುದು ಸಂತಾನಪಾಲನೆಯಲ್ಲಿ. ಮಳೆಗಾಲದ ರಾತ್ರಿ, ಕಾಡಿನ ಸಣ್ಣ ತೊರೆಯ ಅಂಚಿನಲ್ಲಿ, ನೀರಿನ ಮೇಲಕ್ಕೆ ಬಾಗಿದ ಕಡ್ಡಿಯ ಮೇಲೋ ಕಲ್ಲಿನ ಮೇಲೋ ಹೆಣ್ಣು ಮೊಟ್ಟೆಗಳನ್ನಿಟ್ಟು ಹೊರಟುಹೋಗುತ್ತದೆ. ಅನಂತರದ ಕೆಲಸವೆಲ್ಲ ಗಂಡಿನದು. ಅದು ತೊರೆಯ ತಳದಿಂದ ಮುಂಗಾಲುಗಳಲ್ಲಿ ಕೆಸರನ್ನು ತೆಗೆದುಕೊಂಡು, ಹಿಂಗಾಲುಗಳ ಮೇಲೆ ನೆಟ್ಟಗೆ ನಿಂತು, ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮತ್ತೆ ಬಾಗುತ್ತದೆ, ಮತ್ತೆ ತೆಗೆಯುತ್ತದೆ, ಮತ್ತೆ ಮೆತ್ತುತ್ತದೆ. ಮೊಟ್ಟೆ ಒಣಗದಿರಲಿ, ಶತ್ರುವಿನ ಕಣ್ಣಿಗೆ ಬೀಳದಿರಲಿ ಎಂಬುದು ಈ ಶ್ರಮದ ಉದ್ದೇಶವಿರಬೇಕೆಂದು ಕಂಡವರು ಊಹಿಸಿದ್ದಾರೆ. ಕಾಲ ತುಂಬಿದ ಮರಿಗಳು ಕೆಳಗಿನ ನೀರಿಗೆ ಜಾರಿ ಬೀಳುತ್ತವೆ. ತಂದೆಯಾದವನು ತನ್ನ ಕೈಯಾರೆ ಮಣ್ಣು ಮೆತ್ತಿ ಮೊಟ್ಟೆಯನ್ನು ಕಾಯುವ ಈ ಬಗೆ ಕಪ್ಪೆಗಳ ಲೋಕದಲ್ಲಿ ಅದುವರೆಗೆ ಯಾರೂ ಕಂಡರಿಯದ ಸಂಗತಿಯಾಗಿತ್ತು. ತೊರೆಯ ಬದಿಯಲ್ಲಿ ಇರುಳೆಲ್ಲ ಕಾದು ಕುಳಿತು ಇದನ್ನು ನೋಡಿದವರಿಗೆ ಕುಂಬಾರನ ನೆನಪಾದುದು ಸಹಜ. ಆ ನೆನಪನ್ನು ಲ್ಯಾಟಿನ್ನಿಗೆ ತಿರುಗಿಸದೆ ಕನ್ನಡದಲ್ಲಿಯೇ ಉಳಿಸಿದ್ದು ಅವರ ದೊಡ್ಡತನ.

ಈ ಕಪ್ಪೆ ದೊರೆತ ಸ್ಥಳದ ಹೆಸರೂ ಕಾವ್ಯಮಯವಾಗಿದೆ: ಕತ್ತಲೆಕಾನು. ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನಲ್ಲಿ, ಶರಾವತಿಯ ಜಲಾನಯನದಲ್ಲಿ ಇರುವ ಕಾಡು ಅದು. ನಮ್ಮಲ್ಲಿ ಕಾಡು ಬೇರೆ, ಕಾನು ಬೇರೆ. ಎಂದೂ ಕೊಡಲಿ ಬೀಳದೆ, ನೀರಿನ ಸೆಲೆಯನ್ನು ಒಡಲಲ್ಲಿಟ್ಟುಕೊಂಡು, ಊರವರ ಭಯಭಕ್ತಿಗಳಿಂದ ಉಳಿದುಬಂದ ನಿತ್ಯಹಸುರಿನ ದಟ್ಟ ತೋಪಿಗೆ ಕಾನು ಎಂದು ಹೆಸರು. ಕತ್ತಲೆಕಾನಿನ ತಗ್ಗುಗಳಲ್ಲಿ ರಾಮಪತ್ರೆಯ ಜಡ್ಡಿಗಳಿವೆ. ಸದಾ ನೀರು ನಿಂತ ಆ ಕೆಸರು ನೆಲದಲ್ಲಿ ರಾಮಪತ್ರೆಯ ಜಾತಿಯ ಮರಗಳು ಉಸಿರಾಡುವುದಕ್ಕೆಂದು ಬೇರುಗಳನ್ನು ಮೊಣಕಾಲಿನಂತೆ ಮಡಿಚಿ ಮೇಲಕ್ಕೆತ್ತಿ ನಿಂತಿರುತ್ತವೆ. ೨೦೦೦ದಲ್ಲಿ ಇಲ್ಲಿಯೇ ಗೇರಿನ ಸಂಬಂಧದ ಹೊಸ ಮರವೊಂದು ಸಿಕ್ಕಿ, 'ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್' ಎಂಬ ಹೆಸರನ್ನು ಪಡೆಯಿತು. ಕನ್ನಡದ ಸ್ಥಳನಾಮಗಳು ಹೀಗೆ ಪ್ರಪಂಚದ ಶಾಸ್ತ್ರಗ್ರಂಥಗಳನ್ನು ಸೇರುವುದು ನಮಗೆ ಸಂತೋಷದ ವಿಷಯವೇ. ಆದರೆ ಹೆಸರು ಸೇರಿದ ಮಾತ್ರಕ್ಕೆ ಸ್ಥಳ ಉಳಿಯುತ್ತದೆಯೆ?

ಈ ಸಂಶಯಕ್ಕೆ ನಮ್ಮ ನಾಡಿನ ಇತಿಹಾಸದಲ್ಲಿಯೇ ಆಧಾರವಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ.ಆರ್. ನಾರಾಯಣರಾವ್ ಅವರು ೧೯೩೨ರಲ್ಲಿ ಆರಂಭವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರು. ೧೯೩೭ರಲ್ಲಿ ಅವರು ದಕ್ಷಿಣ ಭಾರತದ ಅನೇಕ ಹೊಸ ಕಪ್ಪೆಗಳನ್ನು ವರ್ಣಿಸಿ ಪ್ರಕಟಿಸಿದರು. ಅವುಗಳಲ್ಲೊಂದು ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ್ದು. ಗರ್ಜಿಸುವ ಜಲಪಾತಗಳ ಬದಿಯಲ್ಲಿ ತನ್ನ ಕೂಗು ಕೇಳಿಸದೆಂಬುದನ್ನು ಅರಿತಂತೆ, ಹಿಂಗಾಲನ್ನು ಬೀಸಿ ಬೆರಳ ಜಾಲವನ್ನು ಬಿಚ್ಚಿ ತೋರಿಸುವ ನರ್ತಕ ಕಪ್ಪೆಗಳ ಬಳಗಕ್ಕೆ ಅದು ಸೇರಿದುದು. ಪ್ರಾಧ್ಯಾಪಕರು ಕೂಡಿಸಿಟ್ಟಿದ್ದ ಮೂಲ ಮಾದರಿಗಳು ಕಾಲಾಂತರದಲ್ಲಿ ಕಾಣೆಯಾದುವು. ಹೆಸರುಗಳು ಪುಸ್ತಕದಲ್ಲಿದ್ದುವು, ಹೆಸರು ಹೊತ್ತ ಕಪ್ಪೆ ಯಾವುದೆಂಬುದು ಮಾತ್ರ ದಶಕಗಳ ಕಾಲ ವಿವಾದದ ವಿಷಯವಾಯಿತು. ಮುಂದಿನ ತಲೆಮಾರಿನವರು ಮತ್ತೆ ಅದೇ ತೊರೆಗಳಿಗೆ ಹೋಗಿ ಹುಡುಕಬೇಕಾಯಿತು. ಅವರಿಗೆ ಅದು ಸಾಧ್ಯವಾದುದಾದರೂ ಹೇಗೆ? ಸೀಸೆಯೊಳಗಿನ ಕಪ್ಪೆ ಹೋದರೂ ತೊರೆಯೊಳಗಿನ ಕಪ್ಪೆ ಇನ್ನೂ ಇದ್ದುದರಿಂದ. ಮರಗಪ್ಪೆಗಳ ಒಂದು ಕುಲಕ್ಕೆ ೨೦೧೦ರಲ್ಲಿ ರಾಯರ ಹೆಸರಿನಿಂದಲೇ 'ರಾಓರ್ಕೆಸ್ಟಿಸ್' ಎಂದು ನಾಮಕರಣವಾಯಿತು. ವಿದ್ವಾಂಸನ ಶ್ರಮ ವ್ಯರ್ಥವಾಗದಿರಲು ಗ್ರಂಥಾಲಯ ಸಾಲದು, ಕಾಡೂ ಇರಬೇಕು ಎಂಬುದು ಇದರಿಂದ ಕಲಿಯಬೇಕಾದ ಪಾಠ.

ಕಪ್ಪೆಯೊಂದು ಇದ್ದರೇನು, ಹೋದರೇನು ಎಂದು ಕೇಳುವವರು ಇಲ್ಲದಿಲ್ಲ. ಆ ಪ್ರಶ್ನೆ ಅನುಚಿತವೇನೂ ಅಲ್ಲ. ಕಪ್ಪೆ ತನ್ನ ತೊಗಲಿನಿಂದಲೂ ಉಸಿರಾಡುತ್ತದೆ. ತೊಗಲು ತೇವವಾಗಿದ್ದರೆ ಮಾತ್ರ ಅದು ಸಾಧ್ಯ. ಅದರ ಮೊಟ್ಟೆಗೆ ಚಿಪ್ಪಿಲ್ಲ. ಬಾಲ್ಯ ನೀರಿನಲ್ಲಿ, ಪ್ರಾಯ ನೆಲದ ಮೇಲೆ. ಆದಕಾರಣ ನೀರು ಕೆಟ್ಟರೂ, ಗಾಳಿ ಒಣಗಿದರೂ, ನೆರಳು ಹೋದರೂ ಮೊದಲು ತಟ್ಟುವುದು ಅದಕ್ಕೆ. ತೊರೆಯ ಮೇಲಣ ಮರ ಉರುಳಿದರೆ ಬಿಸಿಲು ಬಿದ್ದು ನೀರು ಕಾಯುತ್ತದೆ, ಮಣ್ಣು ತೊಳೆದು ಬಂದು ತಳ ಹೂಳುತ್ತದೆ, ವರ್ಷವಿಡೀ ಹರಿಯುತ್ತಿದ್ದುದು ಸಂಕ್ರಾಂತಿಗೇ ಬತ್ತುತ್ತದೆ. ಶರಾವತಿಯ ಕಣಿವೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ನಡೆಸಿದ ಅಧ್ಯಯನಗಳು ನಿತ್ಯಹಸುರಿನ ಹೊದಿಕೆಗೂ ಈ ನಾಡಿಗೇ ವಿಶಿಷ್ಟವಾದ ಕಪ್ಪೆಗಳಿಗೂ ಇರುವ ಗಾಢ ಸಂಬಂಧವನ್ನು ತೋರಿಸಿಕೊಟ್ಟಿವೆ. ಆ ತೊರೆಯ ನೀರನ್ನೇ ಅಡಕೆದಬ್ಬೆಯಲ್ಲಿ ಮನೆಯಂಗಳಕ್ಕೆ ತಂದುಕೊಂಡು ಕುಡಿದವರು, ತೋಟಕ್ಕೆ ಹಾಯಿಸಿದವರು ಮಲೆನಾಡಿಗರು. ಕಪ್ಪೆಯ ತೊರೆ ಬತ್ತಿದ ಮೇಲೆ ಅಬ್ಬಿಯ ನೀರು ಉಳಿಯುತ್ತದೆ ಎಂದು ನಂಬುವುದಕ್ಕೆ ಆಧಾರವಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದಲ್ಲಿ ಮೋಂಟೆವೆರ್ಡೆ ಎಂಬ ಮೋಡ ಮುಸುಕಿದ ಬೆಟ್ಟದ ಕಾಡಿದೆ. ಅಲ್ಲಿ ಮಾತ್ರವೇ ಇದ್ದ ಹೊಂಬಣ್ಣದ ಕಪ್ಪೆ ೧೯೮೭ರಲ್ಲಿ ಸಾವಿರದೈನೂರಕ್ಕೂ ಮಿಕ್ಕು ಕಾಣಿಸಿಕೊಂಡಿತ್ತು. ೧೯೮೯ರಲ್ಲಿ ಒಂದೇ ಒಂದು ಗಂಡು ಕಂಡಿತು, ಆಮೇಲೆ ಇಲ್ಲ. ರಕ್ಷಿತ ಅರಣ್ಯದೊಳಗೇ ಇದ್ದ ಪ್ರಾಣಿ ಅದು. ಕಪ್ಪೆಗಳ ತೊಗಲನ್ನು ಹಿಡಿದು ಕೊಲ್ಲುವ ಶಿಲೀಂಧ್ರರೋಗವೊಂದು ಹಲವು ಖಂಡಗಳಲ್ಲಿ ಹರಡಿದೆ ಎಂಬುದು ಅನಂತರ ತಿಳಿದುಬಂತು. ೨೦೨೩ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆ ೮೦೧೧ ಉಭಯಚರ ಪ್ರಭೇದಗಳನ್ನು ಪರಿಶೀಲಿಸಿ, ನೂರಕ್ಕೆ ಸುಮಾರು ನಲವತ್ತೊಂದು ಅಳಿವಿನ ಅಂಚಿನತ್ತ ಸರಿದಿವೆ ಎಂದು ಹೇಳಿತು. ಹಕ್ಕಿಗಳಿಗಾಗಲಿ ಸ್ತನಿಗಳಿಗಾಗಲಿ ಈ ಪ್ರಮಾಣದ ಕಷ್ಟ ಬಂದಿಲ್ಲ. ಬದಲಾಗುತ್ತಿರುವ ಹವೆ ಈಚಿನ ವರ್ಷಗಳಲ್ಲಿ ಮುಖ್ಯ ಕಾರಣಗಳಲ್ಲೊಂದಾಗಿ ಬೆಳೆದಿದೆ ಎಂಬುದೂ ಅದರ ನಿರ್ಣಯ.

ನಮ್ಮ ದೇಶ ಕಪ್ಪೆಯ ಬೆಲೆಯನ್ನು ಒಮ್ಮೆ ಅರಿತುಕೊಂಡದ್ದುಂಟು. ಪರದೇಶಗಳ ಊಟದ ಮೇಜಿಗೆ ಕಪ್ಪೆಯ ಕಾಲುಗಳನ್ನು ಕಳುಹಿಸಿ ಹಣ ಗಳಿಸುತ್ತಿದ್ದ ನಾವು, ಗದ್ದೆಗಳಲ್ಲಿ ಹುಳುಗಳ ಹಾವಳಿಯನ್ನೂ ಕೀಟನಾಶಕದ ಖರ್ಚನ್ನೂ ಲೆಕ್ಕ ಹಾಕಿ, ೧೯೮೭ರಲ್ಲಿ ಆ ರಫ್ತನ್ನು ನಿಲ್ಲಿಸಿದೆವು. ಅಂದಿನದು ಭಾವುಕತೆಯ ತೀರ್ಮಾನವಲ್ಲ, ಲೆಕ್ಕದ ತೀರ್ಮಾನ. ಇಂದು ಬೇಕಾಗಿರುವುದೂ ಅಂಥದೇ ಪ್ರಾಮಾಣಿಕ ಲೆಕ್ಕ.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ಶರಾವತಿ ಕನ್ನಡನಾಡಿಗೆ ಬೆಳಕು ಕೊಟ್ಟ ನದಿ. ೧೯೪೮ರಲ್ಲಿ ಜೋಗದ ವಿದ್ಯುದಾಗಾರ, ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು, ಆಮೇಲೆ ಗೇರುಸೊಪ್ಪೆಯ ಅಣೆಕಟ್ಟು: ಹೀಗೆ ಒಂದೇ ನದಿ ಮತ್ತೆ ಮತ್ತೆ ದುಡಿದಿದೆ. ಈಗ ಬಂದಿರುವುದು ಪಂಪ್ಡ್ ಸ್ಟೋರೇಜ್ ಯೋಜನೆ. ಮೇಲಿನ ತಲಕಳಲೆ ಜಲಾಶಯಕ್ಕೂ ಕೆಳಗಿನ ಗೇರುಸೊಪ್ಪೆ ಜಲಾಶಯಕ್ಕೂ ನಡುವೆ ಬೆಟ್ಟದೊಳಗೆ ಸುರಂಗ ಕೊರೆದು, ಭೂಗರ್ಭದಲ್ಲಿ ಯಂತ್ರಾಗಾರ ಕಟ್ಟಿ, ವಿದ್ಯುತ್ತು ಹೆಚ್ಚಾಗಿರುವ ಹೊತ್ತಿನಲ್ಲಿ ನೀರನ್ನು ಮೇಲೇರಿಸಿ, ಬೇಡಿಕೆ ಏರಿದ ಹೊತ್ತಿನಲ್ಲಿ ಕೆಳಕ್ಕೆ ಬಿಟ್ಟು ೨೦೦೦ ಮೆಗಾವಾಟ್ ಶಕ್ತಿಯನ್ನು ಪಡೆಯುವ ಉದ್ದೇಶ ಅದರದು. ಸ್ಥಳ, ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ. ೨೦೧೯ರಲ್ಲಿ ಸರ್ಕಾರವೇ ಇದನ್ನು ವಿಸ್ತರಿಸಿ, ಅಘನಾಶಿನಿಯ ಕಡೆಯ ಕಾಡುಗಳನ್ನೂ ಸೇರಿಸಿ, ಸುಮಾರು ೯೩೦ ಚದರ ಕಿಲೋಮೀಟರಿನ ರಕ್ಷಿತ ಪ್ರದೇಶವೆಂದು ಸಾರಿತ್ತು. ಯೋಜನೆ ಕೇಳುತ್ತಿರುವ ಅರಣ್ಯಭೂಮಿ ಸುಮಾರು ೫೪ ಹೆಕ್ಟೇರು. ೨೦೨೫ರ ಸೆಪ್ಟೆಂಬರ್ ತಿಂಗಳಲ್ಲಿ ಶಿವಮೊಗ್ಗ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಸಾರ್ವಜನಿಕ ಅಹವಾಲು ಸಭೆಗಳು ನಡೆದು, ಕಣಿವೆಯ ಜನ ಬಹು ದೊಡ್ಡ ಸಂಖ್ಯೆಯಲ್ಲಿ ಬಂದು ವಿರೋಧವನ್ನು ದಾಖಲಿಸಿದರು.

ಯೋಜನೆಯ ಪರವಾದ ವಾದವನ್ನು ಹಗುರವಾಗಿ ಕಾಣಬಾರದು. ಪಾವಗಡದ ಬಯಲಿನಲ್ಲಿ ಎರಡು ಸಾವಿರ ಮೆಗಾವಾಟಿಗೂ ಮೀರಿದ ಸೌರ ವಿದ್ಯುದಾಗಾರವಿದೆ. ಸೂರ್ಯನೇನೋ ಹಗಲಿಡೀ ಧಾರಾಳವಾಗಿ ಕೊಡುತ್ತಾನೆ. ಆದರೆ ನಾವು ದೀಪ ಹಚ್ಚುವುದು ಅವನು ಮುಳುಗಿದ ಮೇಲೆ. ಹಗಲಿನ ಹೆಚ್ಚಳವನ್ನು ಸಂಜೆಗೆ ಕಾದಿರಿಸಲು ಏನಾದರೊಂದು ಕಣಜ ಬೇಕು. ಕಲ್ಲಿದ್ದಲನ್ನು ಸುಡುವುದನ್ನು ಬಿಡಬೇಕಾದರೆ ಇದು ಅನಿವಾರ್ಯ. ಎರಡು ಜಲಾಶಯಗಳೂ ಆಗಲೇ ಇರುವುದರಿಂದ ಹೊಸದಾಗಿ ಊರು ಮುಳುಗಿಸುವ ಪ್ರಮೇಯವಿಲ್ಲ ಎಂಬುದೂ ಒಂದು ಸಮರ್ಥನೆ. ಹವೆ ಬದಲಾಗದಿರಲೆಂದು ಮಾಡುವ ಕೆಲಸದಿಂದ ಕಪ್ಪೆಗೂ ಒಳಿತಲ್ಲವೆ ಎಂದು ಅವರು ಕೇಳಬಹುದು.

ಆದರೆ ಲೆಕ್ಕದ ಇನ್ನೊಂದು ಪುಟವೂ ಇದೆ. ಈ ಯಂತ್ರ ವಿದ್ಯುತ್ತನ್ನು ಹುಟ್ಟಿಸುವುದಿಲ್ಲ, ಕಾದಿರಿಸುತ್ತದೆ ಅಷ್ಟೆ. ನೂರು ಪಾಲು ಶಕ್ತಿ ವ್ಯಯಿಸಿ ನೀರನ್ನೆತ್ತಿದರೆ, ಇಳಿಯುವಾಗ ಅದು ಹಿಂದಕ್ಕೆ ಕೊಡುವುದು ಎಪ್ಪತ್ತೈದರಿಂದ ಎಂಬತ್ತು ಪಾಲು. ಕಣಜ ಬೇಕೆಂಬುದು ನಿಜ. ಅದು ಇಲ್ಲಿಯೇ, ಅಭಯಾರಣ್ಯದ ಹೊಟ್ಟೆಯಲ್ಲಿಯೇ ಆಗಬೇಕೆಂಬುದು ಹೇಗೆ ಸಿದ್ಧವಾಯಿತು? ಕಾಡಿಲ್ಲದ ಬೆಟ್ಟಗಳಿವೆ, ದಿನದಿನಕ್ಕೆ ಅಗ್ಗವಾಗುತ್ತಿರುವ ಬ್ಯಾಟರಿಗಳಿವೆ. ೫೪ ಹೆಕ್ಟೇರು ಅಂಕಿಯಾಗಿ ಚಿಕ್ಕದು. ಆದರೆ ಸುರಂಗದಿಂದ ತೆಗೆದ ಕಲ್ಲುಮಣ್ಣಿನ ರಾಶಿ, ಭಾರದ ಲಾರಿಗಳಿಗಾಗಿ ಅಗಲವಾಗುವ ರಸ್ತೆ, ಬಂಡೆ ಸಿಡಿಸುವ ಸದ್ದು, ಮೇಲಿನ ಮರದ ಕೊಂಬೆಯಿಂದ ಕೊಂಬೆಗೆ ಸಾಗುವ ಸಿಂಗಳೀಕದ ದಾರಿಯಲ್ಲಿ ಬೀಳುವ ಬಿರುಕು, ಬೆಟ್ಟದೊಳಗಿನ ನೀರಿನ ನಾಳಗಳ ಪಾಡು: ಇವು ಹೆಕ್ಟೇರಿನ ಅಳತೆಗೆ ಸಿಕ್ಕುವುವಲ್ಲ. ಕುಂಬಾರ ಕಪ್ಪೆಗೆ ಬೇಕಾದುದು ಮಹಾರಣ್ಯವಲ್ಲ, ಮೊಣಕಾಲುದ್ದದ ಒಂದು ತೊರೆ. ಆದರೆ ಆ ತೊರೆಗೆ ಮಹಾರಣ್ಯ ಬೇಕು. ಕತ್ತಲೆಕಾನು ಯೋಜನೆಯ ಸ್ಥಳವಲ್ಲ ಎಂಬ ಸಮಾಧಾನ ಸಾಲದು. ಕಣಿವೆ ಒಂದೇ, ಮಳೆ ಒಂದೇ. ಇಂದು ಅಭಯಾರಣ್ಯದ ಒಂದು ಮೂಲೆಗೆ ಒಪ್ಪಿದ ನ್ಯಾಯ ನಾಳೆ ಇನ್ನೊಂದು ಮೂಲೆಗೆ ಒಪ್ಪಲಾರದೆಂದು ಹೇಳುವವರಾರು?

ಈ ಪ್ರಸಂಗವನ್ನು ಪಶ್ಚಿಮಘಟ್ಟದ ದೊಡ್ಡ ಚರ್ಚೆಯಿಂದ ಬೇರ್ಪಡಿಸಿ ನೋಡಲಾಗದು. ಮಾಧವ ಗಾಡ್ಗೀಳರ ನೇತೃತ್ವದ ತಜ್ಞರ ಮಂಡಲಿ ೨೦೧೧ರಲ್ಲಿ ವರದಿ ಕೊಟ್ಟಿತು. ೨೦೧೨ರಲ್ಲಿ ಘಟ್ಟದ ೩೯ ತಾಣಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಗಾಡ್ಗೀಳ್ ವರದಿ ಕಠಿನವಾಯಿತೆಂಬ ಕೂಗೆದ್ದು, ಕಸ್ತೂರಿರಂಗನ್ ಸಮಿತಿ ೨೦೧೩ರಲ್ಲಿ ಘಟ್ಟದ ನೂರಕ್ಕೆ ಸುಮಾರು ೩೭ ಭಾಗವನ್ನು ಸೂಕ್ಷ್ಮ ಪ್ರದೇಶವೆನ್ನಬೇಕೆಂದಿತು. ಕರಡು ಅಧಿಸೂಚನೆಗಳು ಒಂದರ ಹಿಂದೊಂದು ಬಂದುವು. ೨೦೨೪ರ ಜುಲೈ ೧೬ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದು ಜೀವಹಾನಿಯಾಯಿತು. ಅದೇ ತಿಂಗಳ ೩೦ರಂದು ವಯನಾಡಿನಲ್ಲಿ ಬೆಟ್ಟ ಜಾರಿ ನೂರಾರು ಜನ ಮಣ್ಣುಪಾಲಾದರು. ೩೧ರಂದು ಕೇಂದ್ರ ಸರ್ಕಾರ ಆರನೆಯ ಕರಡನ್ನು ಹೊರಡಿಸಿತು. ಅದರಲ್ಲಿ ಕರ್ನಾಟಕದ ಪಾಲು ೨೦,೬೬೮ ಚದರ ಕಿಲೋಮೀಟರು. ಸೆಪ್ಟೆಂಬರ್ ೨೬ರಂದು ರಾಜ್ಯದ ಮಂತ್ರಿಮಂಡಲ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸುವ ನಿರ್ಣಯ ಕೈಗೊಂಡಿತು.

ಮಲೆನಾಡಿನ ರೈತ ಈ ವರದಿಗಳಿಗೆ ಹೆದರುತ್ತಾನೆಂಬುದು ಸತ್ಯ. ಅವನನ್ನು ಅಜ್ಞಾನಿಯೆಂದು ಜರೆಯುವ ಪಟ್ಟಣಿಗರು ಅವನ ಭಯದ ಮೂಲವನ್ನು ಅರಿತವರಲ್ಲ. ಕರಡಿನಲ್ಲಿ ಗಣಿ, ಕಲ್ಲುಕ್ವಾರಿ, ಮರಳು ಗಣಿಗಾರಿಕೆ, ಉಷ್ಣ ವಿದ್ಯುದಾಗಾರ, ಅತಿ ಮಾಲಿನ್ಯದ ಕಾರ್ಖಾನೆ, ಭಾರಿ ಕಟ್ಟಡಗಳಿಗೆ ನಿಷೇಧವಿದೆ, ಬೇಸಾಯಕ್ಕಿಲ್ಲ. ಆದರೆ ಕಾಗದದ ಮೇಲಿನ ಮಾತಿಗೂ ಊರಿಗೆ ಬರುವ ನೌಕರನ ಮಾತಿಗೂ ಇರುವ ಅಂತರವನ್ನು ಅವನು ಅನುಭವದಿಂದ ಬಲ್ಲ. ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು ಕೊಯ್ದುದಕ್ಕೆ ಪ್ರಶ್ನೆ, ಕೊಟ್ಟಿಗೆಯ ಮಾಡಿಗೆ ಮರ ತಂದುದಕ್ಕೆ ಪ್ರಶ್ನೆ. ಆದರೆ ಅದೇ ಕರಡು ಜಲವಿದ್ಯುತ್ ಯೋಜನೆಗಳಿಗೆ ಷರತ್ತಿನ ಮೇಲೆ ದಾರಿ ಬಿಟ್ಟಿದೆ ಎಂಬುದನ್ನು ವಾಚಕರು ಗಮನಿಸಬೇಕು. ಕತ್ತಿ ಹಿಡಿದವನಿಗೆ ಕಾಯಿದೆ, ಸುರಂಗ ಕೊರೆಯುವ ಯಂತ್ರಕ್ಕೆ ವಿನಾಯಿತಿ ಎಂದಾದಾಗ ಕಾಯಿದೆಯ ಮೇಲೆ ಗೌರವ ಹುಟ್ಟುವುದೆಂತು? ಇತ್ತ ನಮ್ಮ ರಾಜ್ಯವೂ ರೈತನ ಹೆಸರಿನಲ್ಲಿ ವರದಿಯನ್ನು ತಿರಸ್ಕರಿಸಿತು. ರೈತ ಬೇಡವೆಂದ ಯೋಜನೆಯನ್ನು ಮಾತ್ರ ಮುಂದುವರಿಸಲು ಹೊರಟಿತು. ಒಂದು ಕಡೆ ಅವನ ಮಾತೇ ಪ್ರಮಾಣ, ಇನ್ನೊಂದು ಕಡೆ ಅವನ ಮಾತಿಗೆ ಬೆಲೆಯಿಲ್ಲ.

ಇಲ್ಲಿಗೆ ನನ್ನ ವಿದ್ಯಾರ್ಥಿಯ ಮಾತು ಮತ್ತೆ ಎದುರಾಗುತ್ತದೆ. ನಾಡಿಗೆ ದೀಪ ಹತ್ತಲೆಂದು ಊರು ಬಿಟ್ಟವರು ಅವನ ಹಿರಿಯರು. ಅವರನ್ನು ಆಗ ಕಾಡಿನ ಜಾಗಗಳಿಗೆ ಕಳುಹಿಸಿದರು. ಬರವಣಿಗೆಯ ಕೆಲಸ ಪೂರ್ತಿಯಾಗಲಿಲ್ಲ. ೧೯೮೦ರಲ್ಲಿ ಅರಣ್ಯ ಸಂರಕ್ಷಣಾ ಕಾಯಿದೆ ಬಂದ ಮೇಲೆ ಕೇಂದ್ರದ ಒಪ್ಪಿಗೆಯಿಲ್ಲದೆ ಅರಣ್ಯಭೂಮಿಯನ್ನು ಬಿಡಿಸಿಕೊಡುವ ಅಧಿಕಾರ ರಾಜ್ಯಕ್ಕೆ ಉಳಿಯಲಿಲ್ಲ. ೨೦೦೬ರ ಅರಣ್ಯ ಹಕ್ಕು ಕಾಯಿದೆ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳಿಂದ ಮೂರು ತಲೆಮಾರಿನ, ಎಂದರೆ ೭೫ ವರ್ಷಗಳ ವಾಸದ ಪುರಾವೆಯನ್ನು ಕೇಳುತ್ತದೆ. ಸರ್ಕಾರವೇ ಅರುವತ್ತರ ದಶಕದಲ್ಲಿ ಎಬ್ಬಿಸಿ ತಂದು ಕೂರಿಸಿದವರು ಅದೇ ಜಾಗದಲ್ಲಿ ಎಪ್ಪತ್ತೈದು ವರ್ಷ ಇದ್ದುದನ್ನು ತೋರಿಸುವುದು ಹೇಗೆ? ಮನೆಯ ಮೇಲೆ ವಿದ್ಯುತ್ತಿನ ತಂತಿ ಹಾದುಹೋಗುತ್ತದೆ. ಮನೆ ನಿಂತ ನೆಲ ಮಾತ್ರ ದಾಖಲೆಯಲ್ಲಿ ಅವರದಲ್ಲ. ಇಂಥವರ ಎದುರು ಕಪ್ಪೆಯನ್ನು ಉಳಿಸಿರೆಂದು ಉಪದೇಶ ಮಾಡುವುದು ಸುಲಭವೂ ಅಲ್ಲ, ಶೋಭಿಸುವುದೂ ಇಲ್ಲ.

ಆದರೂ ಯೋಚಿಸಿ ನೋಡಿದರೆ ಹುಡುಗನ ಅಜ್ಜನೂ ಆ ಕಪ್ಪೆಯೂ ಎದುರಾಳಿಗಳಲ್ಲ. ಇಬ್ಬರ ಸಂಕಟಕ್ಕೂ ಕಾರಣ ಒಂದೇ: ಕಣಿವೆಯನ್ನು ದೂರದಲ್ಲಿ ಕುಳಿತು ನೋಡಿದವರ ಲೆಕ್ಕದಲ್ಲಿ ಇಬ್ಬರೂ ಅಂಕಿಗೆ ಬರಲಿಲ್ಲ. ಅಂದು ಮುಳುಗಡೆಯ ಲೆಕ್ಕ ಹಾಕಿದವರು ಎಕರೆಗಳನ್ನು ಎಣಿಸಿದರು, ಜನರ ನಾಳೆಗಳನ್ನು ಎಣಿಸಲಿಲ್ಲ. ಇಂದು ಹೆಕ್ಟೇರುಗಳನ್ನು ಎಣಿಸುವವರು ತೊರೆಗಳನ್ನು ಎಣಿಸುತ್ತಿಲ್ಲ. ಕಪ್ಪೆಗೋ ಮನುಷ್ಯನಿಗೋ ಎಂಬ ಜಗಳವನ್ನು ಹೂಡಿ ಇಬ್ಬರನ್ನೂ ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗಹೊರಟರೆ, ಗಾದೆಯ ಕಪ್ಪೆಗಳಂತೆ ಅವು ನಿಲ್ಲುವುದಿಲ್ಲ. ತೂಗುವವನಿಗೆ ಮಾತ್ರ ವ್ಯಾಪಾರವಾಗುತ್ತದೆ.

ಹಾಗಾದರೆ ಆಗಬೇಕಾದುದೇನು? ನನ್ನಂಥ ಸಾಹಿತ್ಯದ ಅಧ್ಯಾಪಕನಿಗೆ ತೋಚಿದ ಮೂರು ಮಾತುಗಳನ್ನು ಹೇಳುತ್ತೇನೆ. ಮೊದಲನೆಯದಾಗಿ, ಹಳೆಯ ಯೋಜನೆಗಳ ಋಣ ತೀರುವವರೆಗೆ ಅದೇ ಕಣಿವೆಯಲ್ಲಿ ಹೊಸ ಯೋಜನೆಗೆ ನೈತಿಕವಾದ ಅಧಿಕಾರವಿಲ್ಲ. ನಿರಾಶ್ರಿತರ ಹಕ್ಕುಪತ್ರದ ಪ್ರಶ್ನೆ ರಾಜ್ಯ ಮತ್ತು ಕೇಂದ್ರಗಳು ಕೂಡಿ ಕುಳಿತರೆ ಬಗೆಹರಿಯುವಂಥದು. ತನ್ನ ನೆಲ ತನ್ನದೆಂಬ ಧೈರ್ಯವಿರುವವನು ಬದಿಯ ಕಾನನ್ನು ಕಾಯುವಷ್ಟು ಚೆನ್ನಾಗಿ ಬೇರಾರೂ ಕಾಯಲಾರರು. ಕಾನುಗಳು ಈವರೆಗೆ ಉಳಿದುದೇ ಊರವರಿಂದ.

ಎರಡನೆಯದಾಗಿ, ೨೦೦೨ರ ಜೀವವೈವಿಧ್ಯ ಕಾಯಿದೆಯಂತೆ ಊರೂರಿನಲ್ಲಿಯೂ ಜೀವವೈವಿಧ್ಯ ಸಮಿತಿ ಇರಬೇಕು, ಜನರೇ ಬರೆದ ದಾಖಲೆಯ ಪುಸ್ತಕವಿರಬೇಕು. ಅದರಲ್ಲಿ ಊರಿನ ಪ್ರತಿಯೊಂದು ತೊರೆಯೂ ಹೆಸರಿನ ಸಹಿತ ಬರಲಿ: ಯಾವ ತಿಂಗಳವರೆಗೆ ಹರಿಯುತ್ತದೆ, ಯಾರ ತೋಟಕ್ಕೆ ಹೋಗುತ್ತದೆ, ಮಳೆಗಾಲದ ರಾತ್ರಿ ಅಲ್ಲಿ ಯಾವ ಕಪ್ಪೆ ಕೂಗುತ್ತದೆ. ನಮ್ಮ ಕಾಲೇಜುಗಳ ಹುಡುಗರು ಒಂದೆರಡು ಮಳೆಗಾಲಗಳಲ್ಲಿ ಈ ಕೆಲಸವನ್ನು ಮಾಡಿ ಮುಗಿಸಬಲ್ಲರು. ನಾರಾಯಣರಾಯರ ಕಾಲದಲ್ಲಿ ಒಬ್ಬ ಪ್ರಾಧ್ಯಾಪಕರಿಂದ ಆದುದು ಇಂದು ನೂರು ಕಾಲೇಜುಗಳಿಂದ ಆಗಲಾರದೆ?

ಮೂರನೆಯದು ನನ್ನ ವೃತ್ತಿಗೆ ಹತ್ತಿರವಾದ ಮಾತು. ೨೦೦೬ರ ಪರಿಸರ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲಿಗೆ ಮೊದಲು ಯೋಜನೆಯ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ದೊರೆಯಬೇಕು. ಸಾರಾಂಶವೇನೋ ಕನ್ನಡದಲ್ಲಿ ಬರುತ್ತದೆ. ಆದರೆ ನೀರಿನ ಲೆಕ್ಕ, ಮರದ ಲೆಕ್ಕ, ಜೀವಿಗಳ ಪಟ್ಟಿ, ಕಲ್ಲುಮಣ್ಣು ಸುರಿಯುವ ಸ್ಥಳ: ವಾದಕ್ಕೆ ಬೇಕಾದುದೆಲ್ಲ ಇರುವುದು ನೂರಾರು ಪುಟಗಳ ಇಂಗ್ಲಿಷ್ ಸಂಪುಟದಲ್ಲಿ. ಯಾವನ ಮನೆಯ ಹಿಂದೆ ಸುರಂಗ ಬರುತ್ತದೆಯೋ ಅವನಿಗೆ ಸಾರಾಂಶ ಸಾಕು, ಪೂರ್ಣಪಾಠ ಬೇಡ ಎಂಬುದು ಯಾವ ನ್ಯಾಯ? ೨೦೨೦ರಲ್ಲಿ ಪರಿಸರ ಅಧಿಸೂಚನೆಯ ಕರಡನ್ನು ದೇಶಭಾಷೆಗಳಿಗೆ ಅನುವಾದಿಸಬೇಕೆಂದು ದೆಹಲಿಯ ಉಚ್ಚ ನ್ಯಾಯಾಲಯ ಹೇಳಿದುದನ್ನು ಇಲ್ಲಿ ನೆನೆಯಬಹುದು. ಕನ್ನಡದ ಉಳಿವಿಗಾಗಿ ಸಭೆ ಸಮ್ಮೇಳನಗಳಲ್ಲಿ ನಿರ್ಣಯ ಮಾಡುವ ನಾವು, ಕನ್ನಡನಾಡಿನ ಬೆಟ್ಟ ಹೊಳೆಗಳ ಅಳಿವು ಉಳಿವಿನ ಬರಹ ಸಂಪೂರ್ಣವಾಗಿ ಕನ್ನಡದಲ್ಲಿ ಬರಲಿ ಎಂಬ ಒಂದು ನಿರ್ಣಯವನ್ನು ಏಕೆ ಮಾಡಬಾರದು? ಕಪ್ಪೆಯ ಶಾಸ್ತ್ರೀಯ ನಾಮದೊಳಗೆ ನುಗ್ಗಿದ ಕನ್ನಡ ಸರ್ಕಾರದ ಕಡತದೊಳಗೆ ಕಾಲಿಡಲಾರದೆಂದರೆ ಅದು ಭಾಷೆಯ ಬಡತನವಲ್ಲ.

ಆ ಹುಡುಗನಿಗೆ ಅಂದು ಉತ್ತರ ಕೊಡಲಾರದೆ ಹೋದೆ. ಇಂದು ಇಷ್ಟನ್ನು ಹೇಳಬಲ್ಲೆ: ನಿನ್ನ ಅಜ್ಜನ ಹಕ್ಕುಪತ್ರವನ್ನು ತಡೆದವನು ಕಪ್ಪೆಯಲ್ಲ, ತಮ್ಮಾ. ನಿಮ್ಮಿಬ್ಬರ ಅರ್ಜಿಗಳೂ ಬಹುಕಾಲದಿಂದ ಒಂದೇ ಬಾಗಿಲಿನ ಮುಂದೆ ನಿಂತಿವೆ. ನಿನಗೆ ಮಾತು ಬರುತ್ತದೆ, ಅದಕ್ಕೆ ಬಾರದು. ಆದಕಾರಣ ನಿನ್ನ ಅರ್ಜಿಯೊಡನೆ ಅದರದನ್ನೂ ಓದಿಬಿಡು. ಈ ವರ್ಷದ ಮಳೆಗೂ ತೊರೆಯ ಅಂಚಿನಲ್ಲಿ ಆ ಪುಟ್ಟ ಕುಂಬಾರ ಹಿಂಗಾಲ ಮೇಲೆ ನಿಂತು ಹಿಡಿಯಷ್ಟು ಕೆಸರನ್ನು ತನ್ನ ಸಂತತಿಯ ಮೇಲೆ ಮೆತ್ತುತ್ತಿರುತ್ತಾನೆ. ಅವನ ಕೈಲಾದುದು ಅಷ್ಟು. ನಮ್ಮ ಕೈಲಾದುದು ಎಷ್ಟೆಂಬುದನ್ನು ನಾವು ಇನ್ನೂ ತೋರಿಸಬೇಕಾಗಿದೆ.